ಹಗ್ಗದ ಪದದ ಕೊನೆಯ ಟಿಣ್

ಕಂಚಿನ ತಾಳವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಅಂಗೈಗೆ ಒಂದು ವಾಸನೆ ಹತ್ತುತ್ತದೆ. ಅದು ಪೂರ್ತಿ ಹುಳಿಯೂ ಅಲ್ಲ, ಪೂರ್ತಿ ಲೋಹದ್ದೂ ಅಲ್ಲ. ಸಾಬೂನು ಹಾಕಿ ತೊಳೆದರೂ ಮಧ್ಯಾಹ್ನದ ರೊಟ್ಟಿಯ ತನಕ ಬೆರಳಿಗೆ ಅಂಟಿಕೊಂಡೇ ಇರುತ್ತದೆ. ಇವತ್ತು ಬೆಳಿಗ್ಗೆ ಅಂಗಡಿಯ ಕದ ತೆಗೆದವನು ಹೊಲಿಗೆ ಯಂತ್ರದ ಮುಸುಕು ಕೂಡ ಸರಿಸದೆ ಮೆಟ್ಟಿಲ ಮೇಲೆ ಕುಳಿತು ನನ್ನ ತಾಳಗಳನ್ನು ತಿಕ್ಕತೊಡಗಿದೆ. ಹೋದ ವಾರದ ತನಕ ಒಂದು ವರ್ಷ ಅವು ಗುಂಡಿಗಳ ಡಬ್ಬಿಯ ಹಿಂದೆ ಕರ್ಚೀಫಿನಲ್ಲಿ ಗಂಟುಕಟ್ಟಿಕೊಂಡು ಬಿದ್ದಿದ್ದವು. ಹಸಿರು ಹಿಡಿದಿತ್ತು.

ಪಕ್ಕದ ಚಹಾದ ಅಂಗಡಿಯ ರಾಚಪ್ಪ ಮೂಗು ಅರಳಿಸಿಕೊಂಡು ಬಂದು, "ಏನ್ರಿ ಟೇಲರ್, ಅಂಗಡ್ಯಾಗ ಸಾರು ಮಾಡಾಕತ್ತೀರೇನು?" ಎಂದ. ಬಸವನ ಬಾಗೇವಾಡಿಯ ಈ ಓಣಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ನನ್ನ ಮಗ್ಗುಲಲ್ಲಿ ಚಹಾ ಕುದಿಸುತ್ತಿರುವವನು ಅವನು. ನಾನು ತಾಳ ಎತ್ತಿ ತೋರಿಸಿದೆ. ಅವನು ತಲೆಯಾಡಿಸಿ ಒಳಗೆ ಹೋದ. ಹೋದ ವಾರ ನಾನು ಎಲ್ಲಿಗೆ ಹೋಗಿದ್ದೆ, ಯಾಕೆ ಹೋಗಿದ್ದೆ ಎಂಬುದು ಅವನಿಗೆ ಗೊತ್ತು. ನಿಮಗೆ ಗೊತ್ತಾಗಬೇಕಾದರೆ ಮಾತ್ರ ನಾನು ಅಕ್ಕನಿಂದ ಶುರುಮಾಡಬೇಕು. ನನ್ನ ಬದುಕಿನ ಯಾವ ಸಂಗತಿಯನ್ನು ಹೇಳಹೊರಟರೂ ಅಲ್ಲಿಂದಲೇ ಶುರುಮಾಡಬೇಕಾಗುತ್ತದೆ, ಅದು ನನ್ನ ಬಡತನವೋ ಅವಳ ಜಬರ್ದಸ್ತಿಯೋ ಹೇಳಲಾರೆ.

ಅಕ್ಕ ಅಂದರೆ ಗಂಗವ್ವ. ನನಗಿಂತ ಹತ್ತು ವರ್ಷ ದೊಡ್ಡವಳು. ನಮ್ಮ ಹುಟ್ಟೂರು ಮುಳವಾಡ. ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಅವ್ವ ತೀರಿಕೊಂಡಳು. ಆಮೇಲೆ ನನ್ನ ತಲೆಗೆ ಎಣ್ಣೆ ಹಾಕಿದವಳು, ಬೆನ್ನಿಗೆ ಗುದ್ದಿದವಳು, ಸಾಲಿಗೆ ಹೊರಡಿಸಿದವಳು ಎಲ್ಲ ಅಕ್ಕನೇ. ಅಪ್ಪನ ಜೊತೆ ಸೋಮವಾರದ ಭಜನೆಗೆ ಹೋಗಿ ಹಾಡು ಕಲಿತಿದ್ದಳು. ನನ್ನನ್ನು ಮನೆಯಲ್ಲಿ ಒಬ್ಬನನ್ನೇ ಬಿಡಲಾಗದೆ ಕರೆದುಕೊಂಡು ಹೋಗುತ್ತಿದ್ದಳು. ಹೋದವನು ನಿದ್ದೆ ಮಾಡಬಾರದೆಂದು ಕೈಗೆ ತಾಳ ಕೊಟ್ಟಳು. ನನ್ನ ಸಂಗೀತ ಜ್ಞಾನದ ಮೂಲ ಇಷ್ಟೇ, ನಿದ್ದೆ ತಡೆಯುವ ಉಪಾಯ.

ತಾಳ ಕೊಟ್ಟವಳು ಒಂದು ಕಾಯಿದೆಯನ್ನೂ ಜೊತೆಗೆ ಕೊಟ್ಟಳು. ಪದ ಮುಗಿದ ಕೂಡಲೇ ತಾಳವನ್ನು ಕೆಳಗಿಡುವಂತಿಲ್ಲ. ಮೊದಲು ಎರಡನ್ನೂ ಕೂಡಿಸಿ ಕಣ್ಣಿಗೆ ಒತ್ತಿಕೊಳ್ಳಬೇಕು, ಆಮೇಲೆ ಇಡಬೇಕು. ನಮ್ಮ ಕಡೆ ಭಜನೆಯವರೆಲ್ಲ ಹೀಗೆ ಮಾಡುತ್ತಾರೆ. ಏಕತಾರಿಯವನು ಏಕತಾರಿಯನ್ನು ಹಣೆಗೆ ಮುಟ್ಟಿಸುತ್ತಾನೆ, ದಮ್ಮಡಿಯವನು ದಮ್ಮಡಿಯನ್ನು. ಅವು ಮುಟ್ಟಿಸಿದರೆ ಸುಮ್ಮನಿರುವ ವಾದ್ಯಗಳು. ತಾಳ ಹಾಗಲ್ಲ. ಎಷ್ಟೇ ಮೆತ್ತಗೆ ಕೂಡಿಸಿದರೂ ಟಿಣ್ ಅನ್ನುತ್ತದೆ. ಭಜನೆಯಲ್ಲಿ ಆ ಸದ್ದು ಯಾರಿಗೂ ಕೇಳಿಸುವುದಿಲ್ಲ, ಅಷ್ಟರಲ್ಲಿ ಒಬ್ಬರು ಕೆಮ್ಮಿ, ಇನ್ನೊಬ್ಬರು ಸುಣ್ಣದ ಡಬ್ಬಿ ತೆಗೆದು, ಮತ್ತೊಬ್ಬರು ಮುಂದಿನ ಪದದ ಹೆಸರು ಹೇಳಿ ಗದ್ದಲ ಎದ್ದಿರುತ್ತದೆ. ಮರೆತು ಹಾಗೇ ಕೆಳಗಿಟ್ಟ ದಿನ ಅಕ್ಕ ತಲೆಗೆ ಮೊಟಕುತ್ತಿದ್ದಳು. ನೂರು ಮೊಟಕಿನ ಮೇಲೆ ಆ ಕೆಲಸವನ್ನು ನನ್ನ ಕೈಗಳು ನನ್ನನ್ನು ಕೇಳದೆಯೇ ಮಾಡತೊಡಗಿದವು.

ಅಕ್ಕನನ್ನು ಇಂಡಿ ತಾಲೂಕಿನ ಅಗರಖೇಡಕ್ಕೆ ಕೊಟ್ಟರು. ಅಲ್ಲಿಯೂ ಅವಳು ಒಂದು ಭಜನೆಯ ಮೇಳ ಕಟ್ಟಿಕೊಂಡಳು. ದಮ್ಮಡಿಗೆ ಆ ಊರಿನ ಭೀಮರಾಯ ಕಾಕಾ, ಹಾರ್ಮೋನಿಯಮ್ಮಿಗೆ ಅವರ ಭಾವಮೈದುನ. ತಾಳಕ್ಕೆ ಯಾರೂ ಸಿಗಲಿಲ್ಲವೆಂದಲ್ಲ, ಎರಡು ತಾಸಿನ ಬಸ್ಸಿನ ದಾರಿಯ ತಮ್ಮನನ್ನು ಕರೆಸಿಕೊಳ್ಳಲು ಅವಳಿಗೆ ಅದೊಂದು ನೆಪ. ನಾನು ಆಗ ಹೊಲಿಗೆ ಕಲಿಯುತ್ತಿದ್ದೆ. ಹೊಲಿಯುವುದಕ್ಕಿಂತ ಬಿಚ್ಚುವುದೇ ಹೆಚ್ಚಿತ್ತು.

ಅವಳು ಹಾಡುತ್ತಿದ್ದ ಪದಗಳಲ್ಲಿ ಒಂದು ಹಗ್ಗದ ಪದ. ಬಾವಿಗೆ ಕೊಡ ಇಳಿಸುವ ಹಗ್ಗದಲ್ಲಿ ಏಳು ಗಂಟು. ಒಂದೊಂದು ನುಡಿಗೆ ಒಂದೊಂದು ಗಂಟು ಕೈ ದಾಟಿ ಕೆಳಗೆ ಹೋಗುತ್ತದೆ. ಮೊದಲ ಗಂಟು ಹುಟ್ಟಿದ ಮನೆ, ಕೊನೆಯದು ಯಾವುದೆಂದು ಪದದಲ್ಲಿ ಹೇಳುವುದಿಲ್ಲ. ಏಳನೆಯ ನುಡಿಯನ್ನು ಅಕ್ಕ ತಾಳವೂ ಬೇಡವೆಂಬಂತೆ ನಿಧಾನವಾಗಿ ಎಳೆದು, ಧ್ವನಿಯನ್ನು ಇಳಿಸುತ್ತ ಇಳಿಸುತ್ತ ಹೋಗಿ ಒಂದು ಕಡೆ ಬಿಟ್ಟುಬಿಡುತ್ತಿದ್ದಳು. ಮುಗಿಯಿತೋ ಇಲ್ಲವೋ ಎಂದು ಕೇಳುವವರಿಗೆ ತಿಳಿಯುತ್ತಿರಲಿಲ್ಲ. ಕೈಯಲ್ಲಿದ್ದ ಹಗ್ಗ ಹಗುರಾದಂತೆ ಅನ್ನಿಸುತ್ತಿತ್ತು.

ಈ ಪದ ಕ್ಯಾಸೆಟ್ಟಾಗಬೇಕೆಂದು ಮುದ್ದೇಬಿಹಾಳದ ಖಾಜಾಸಾಹೇಬರು ಹಟ ಹಿಡಿದರು. ಅವರದು ಗಾದಿ ಅಂಗಡಿಯ ಮೇಲೆ ಒಂದೇ ಕೋಣೆಯ ಸ್ಟುಡಿಯೋ. ಸದ್ದು ತಡೆಯಲು ಗೋಡೆಗೆಲ್ಲ ಹಳೆಯ ಕೌದಿ ಹೊಡೆದಿದ್ದರು. ಕೆಂಪು ದೀಪ ಹತ್ತಿದರೆ ಫ್ಯಾನು ಬಂದ್. ನಾವು ನಾಲ್ಕು ಜನ ಆ ಕೌದಿಗಳ ನಡುವೆ ಬೆವರುತ್ತ ಕುಳಿತೆವು. ಖಾಜಾಸಾಹೇಬರು ಒಂದೇ ಮಾತನ್ನು ಮೂರು ಸಲ ಹೇಳಿದರು. ಪದ ಮುಗಿದ ಮೇಲೆ ಅವರು ಮನಸ್ಸಿನಲ್ಲಿ ಹತ್ತು ಎಣಿಸುತ್ತಾರೆ, ಕೆಂಪು ದೀಪ ಆರುತ್ತದೆ, ಅಲ್ಲಿಯ ತನಕ ಯಾರೂ ಉಸಿರು ಬಿಡಬಾರದು.

ಆ ಮಧ್ಯಾಹ್ನ ಉಳಿದ ಪದಗಳೆಲ್ಲ ಒಂದೊಂದೇ ಏಟಿಗೆ ಆಗಿಹೋದವು. ಅವೆಲ್ಲ ಗದ್ದಲದ ಪದಗಳು, ಮುಗಿಯುವಾಗ ಎಲ್ಲ ವಾದ್ಯವೂ ಕೂಡಿ ಗುಂಯ್ ಅನ್ನುತ್ತಿದ್ದುದರಿಂದ ನನ್ನ ಟಿಣ್ ಅದರಲ್ಲಿ ಮುಳುಗಿತ್ತು. ಕೊನೆಗೆ ಹಗ್ಗದ ಪದ ಬಂತು. ಮೊದಲ ಸಲ ಏಳನೆಯ ನುಡಿ ಮುಗಿದು, ಕೋಣೆಯೆಲ್ಲ ಸ್ತಬ್ಧವಾಗಿ, ಅದರ ನಟ್ಟನಡುವೆ ಟಿಣ್ ಎಂದಿತು. ಖಾಜಾಸಾಹೇಬರು ನನ್ನನ್ನು ನೋಡಿದರು. ನಾನು ಹಾರ್ಮೋನಿಯಂ ನೋಡಿದೆ.

ಎರಡನೆಯ ಸಲ ಬಹಳ ಎಚ್ಚರದಿಂದ ಕುಳಿತೆ. ಕಣ್ಣಿಗೆ ಒತ್ತಿಕೊಳ್ಳಬಾರದು, ಒತ್ತಿಕೊಳ್ಳಬಾರದು ಎಂದು ಏಳೂ ಗಂಟಿಗೆ ಜಪ ಮಾಡಿದೆ. ಆರನೆಯ ಗಂಟಿಗೆ ಹೊರಗೆ ಮಾರುಕಟ್ಟೆಯ ಕಡೆ ಲಾರಿಯೊಂದು ಹಾರ್ನು ಹೊಡೆಯಿತು, ಅದು ನನ್ನ ತಪ್ಪಲ್ಲವೆಂದು ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಸಂತೋಷದಲ್ಲಿ ಮೈಮರೆತು ಕೊನೆಗೆ ಟಿಣ್ ಅನ್ನಿಸಿದೆ. ಮೂರನೆಯ ಸಲ ಕರೆಂಟು ಹೋಯಿತು. ನಾಲ್ಕನೆಯ ಸಲಕ್ಕೆ ಭೀಮರಾಯ ಕಾಕಾ, "ಇವನ ಕೈ ಕಟ್ಟಿಹಾಕ್ರಿ, ಬೇಕಾರ ಕಾಲಿಲೆ ಬಾರಸ್ಲಿ" ಎಂದರು. ಆ ಸಲ ಅಕ್ಕ ಹಾಡಿದ ಹಾಗೆ ಅದಕ್ಕೆ ಮೊದಲೂ ಹಾಡಿರಲಿಲ್ಲ, ಆಮೇಲೂ ಹಾಡಲಿಲ್ಲ. ಏಳನೆಯ ನುಡಿಯಲ್ಲಿ ಅವಳ ಮುಖ ನೋಡುತ್ತ ನನಗೆ ನಾನು ಎಲ್ಲಿದ್ದೇನೆಂಬುದೇ ಮರೆತುಹೋಯಿತು. ಧ್ವನಿ ಇಳಿಯಿತು, ಬಿಟ್ಟಿತು. ಕೈಗಳು ತಾವಾಗಿ ಎದ್ದವು. ಟಿಣ್.

ಖಾಜಾಸಾಹೇಬರು ಕಿವಿಯ ಮೇಲಿನ ಹೆಡ್‌ಫೋನು ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಇನ್ನೊಂದು ಸಲ ಅನ್ನಲು ಬಾಯಿ ತೆರೆದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದೇಬಿಟ್ಟಳು.

"ಇರ್ಲಿ ಬಿಡ್ರಿ ಸಾಹೇಬ್ರ. ಹಿಂಗ ಇರ್ಲಿ."

ಹಾಗೇ ಇತ್ತು. ಆ ಕ್ಯಾಸೆಟ್ಟು ನಮ್ಮ ನಾಲ್ಕು ತಾಲೂಕಿನಲ್ಲಿ ಹೋಗದ ಮನೆಯಿಲ್ಲ. ಗಿರಣಿಯಲ್ಲಿ, ಟೆಂಪೋದಲ್ಲಿ, ಮದುವೆಯ ಹಂದರದಲ್ಲಿ, ಎಲ್ಲಿ ಕೇಳಿದರೂ ಅಕ್ಕನ ಹಗ್ಗ ಇಳಿಯುತ್ತಿತ್ತು. ಇಳಿದ ಮೇಲೆ ನನ್ನ ಟಿಣ್. ದೊಡ್ಡ ಊರುಗಳ ಜನಕ್ಕೆ ಅವರವರ ದೊಡ್ಡ ಗವಾಯಿಗಳು ಇರಬಹುದು, ನಮ್ಮ ಕಡೆಯವರಿಗೆ ಹಾಡೆಂದರೆ ಅದಾಯಿತು. ನನಗೆ ಮಾತ್ರ ಪದ ಆರನೆಯ ಗಂಟಿಗೆ ಬಂದಿತೆಂದರೆ ಅಲ್ಲಿಂದ ಎದ್ದುಹೋಗುವ ಅವಸರ. ಬಸ್ಸಿನಲ್ಲಿ ಪದ ಹಚ್ಚಿದ್ದರೆ ಕೊನೆಯ ನುಡಿಯ ಹೊತ್ತಿಗೆ ಕೆಮ್ಮುತ್ತಿದ್ದೆ, ಆ ಸದ್ದು ಕೇಳದಿರಲೆಂದು. ಒಮ್ಮೆ ಸಿಂದಗಿಯ ದಾರಿಯಲ್ಲಿ ಹಾಗೆ ಕೆಮ್ಮಿದಾಗ ಮುಂದಿನ ಸೀಟಿನ ಹೆಣ್ಣುಮಗಳೊಬ್ಬಳು ತಿರುಗಿ, ಅದೊಂದು ಟಿಣ್ ಕೇಳಲಿಕ್ಕೆಂದೇ ಕುಳಿತಿದ್ದೆ, ಅದರ ಮೇಲೇ ಕೆಮ್ಮಿದೆಯಲ್ಲಪ್ಪ ಎಂದು ಬೈದಳು. ಊರಲ್ಲಿ ಹೆಸರು ಬಿದ್ದೇಹೋಯಿತು. ಇಂದಿಗೂ ಈ ಓಣಿಯಲ್ಲಿ ನನ್ನ ಅಂಗಡಿಯ ಬೋರ್ಡು ಓದುವವರಿಲ್ಲ, ಟಿಣ್ ಟೇಲರ್ ಎಂದರೆ ಎಲ್ಲರೂ ಕೈ ತೋರಿಸುತ್ತಾರೆ.

ಆಮೇಲೆ ನಾನು ಭಜನೆಯಲ್ಲಿ ತಾಳವನ್ನು ಕಣ್ಣಿಗೆ ಒತ್ತಿಕೊಳ್ಳುವ ಮೊದಲು ನಡುವೆ ಒಂದು ಕರ್ಚೀಫು ಇಡತೊಡಗಿದೆ. "ದೇವರಿಗೆ ಮುಸುಕು ಹಾಕ್ತಿಯಲ್ಲೊ ತಮ್ಮಾ" ಎಂದು ಅಕ್ಕ ನಕ್ಕಳು. ನಗಲಿ ಎಂದು ಬಿಟ್ಟೆ. ಮೂವತ್ತು ವರ್ಷ ಆ ಕರ್ಚೀಫು ಬಿಡಲಿಲ್ಲ. ಹುಷಾರಾಗುವುದಕ್ಕೂ ಒಂದು ಹೊತ್ತು ಇರುತ್ತದೆ ಅನ್ನುತ್ತೀರೇನೋ. ನನ್ನದು ತಪ್ಪಾದ ಮೇಲೆ ಶುರುವಾಗುವ ಹುಷಾರಿ.

ಒಂದು ಕೆಲಸ ಮಾತ್ರ ಇದರಿಂದ ಆಯಿತು. ಟೇಲರನಿಗೆ ಕೈ ಕಣ್ಣುಗಳು ಬಟ್ಟೆಯ ಮೇಲಿದ್ದರೂ ಕಿವಿ ಖಾಲಿಯಿರುತ್ತದೆ. ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯ ತನಕ ರೇಡಿಯೋ. ಒಂದೊಂದು ಹಳೆಯ ಹಾಡನ್ನು ನೂರು ಇನ್ನೂರು ಸಲ ಕೇಳಿರುತ್ತೇನೆ. ದೊಡ್ಡವರ ಹಾಡುಗಳಲ್ಲಿಯೂ ಎಲ್ಲಾದರೂ ಒಂದು ಟಿಣ್ ಉಳಿದಿರಬಹುದೇ ಎಂದು ಹುಡುಕತೊಡಗಿದೆ. ದುಷ್ಟ ಬುದ್ಧಿ, ಒಪ್ಪುತ್ತೇನೆ. ಆದರೆ ನೀವು ನಂಬುವುದಿಲ್ಲ, ಸಿಕ್ಕಿದವು. ಎಲ್ಲರ ಬಾಯಲ್ಲಿರುವ ಒಂದು ಜೋಡಿ ಹಾಡಿನಲ್ಲಿ ಗಂಡಸಿನ ಧ್ವನಿ ಒಂದು ಅಕ್ಷರ ಮುಂಚೆಯೇ ಹೊರಟು, ಗಪ್ಪನೆ ನಿಂತು, ಸರಿಯಾದ ಜಾಗದಲ್ಲಿ ಮತ್ತೆ ಹೊರಡುತ್ತದೆ. ಅದರ ಮುಂದಿನ ಸಾಲನ್ನು ಹಾಡುವ ಹೆಣ್ಣಿನ ದನಿಯಲ್ಲಿ ತಡೆದುಕೊಂಡ ನಗು ಇದೆ. ದೊಡ್ಡ ಗವಾಯಿಯೊಬ್ಬರ ಹಳೆಯ ಗ್ರಾಮಫೋನ್ ತಟ್ಟೆಯಲ್ಲಿ ಅವರು ಆಲಾಪದ ತುದಿಯಲ್ಲಿ ನಿಂತಾಗ ಯಾರದೋ ಕುರ್ಚಿ ಕಿರ್ ಅನ್ನುತ್ತದೆ. ಒಂದು ಭಕ್ತಿಗೀತೆಯಲ್ಲಿ ಎರಡನೆಯ ಚರಣಕ್ಕೆ ಹಾಳೆ ತಿರುವಿದ ಸದ್ದು. ಒಂದರಲ್ಲಿ ಕೊಳಲಿಗೆ ಅವಸರ. ಮತ್ತೊಂದರಲ್ಲಿ ದೂರದಲ್ಲೆಲ್ಲೋ ಒಂದು ಕಾಗೆ, ಅದು ಮಾತ್ರ ಶ್ರುತಿಗೆ ಸರಿಯಾಗಿ ಕೂಗಿದೆ.

ಇವನ್ನೆಲ್ಲ ಅಳತೆಯ ಪುಸ್ತಕದಲ್ಲಿಯೇ ಬರೆದಿಡುತ್ತಿದ್ದೆ, ಎಡಕ್ಕೆ ಗಿರಾಕಿಯ ಎದೆ ಸೊಂಟ, ಬಲಕ್ಕೆ ಗವಾಯಿಯ ತಪ್ಪು. ಒಮ್ಮೆ ಒಂದು ಹಾಡಿನ ಹದಿನಾಲ್ಕನೆಯ ಸೆಕೆಂಡಿನ ಕೆಮ್ಮನ್ನು ಬರೆದ ಸಾಲು ಎಡಕ್ಕೆ ಸರಿದುಬಿಟ್ಟು, ಒಬ್ಬ ಮಾಸ್ತರರ ತುಂಬುತೋಳಿನ ಅಂಗಿಗೆ ಗವಾಯಿಯ ಕೆಮ್ಮಿನ ಅಳತೆಯ, ಹದಿನಾಲ್ಕೇ ಇಂಚಿನ ತೋಳು ಹೊಲಿದೆ. ಅವರು ಅದನ್ನು ಹಾಕಿಕೊಂಡು ಬಂದು ಎರಡೂ ಕೈ ಮುಂದೆ ಚಾಚಿ ನಿಂತರು. ಏನು ಹೇಳಲಿ? ಗವಾಯಿಗಳ ವಿಷಯ ಹೇಳಿದೆ. ಅವರಿಗೆ ಸಂಗೀತದಲ್ಲಿ ಆಸಕ್ತಿ ಇರಲಿಲ್ಲ.

ಆದರೂ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಷ್ಟು ದೊಡ್ಡವರು, ಅಷ್ಟು ದೊಡ್ಡ ಸ್ಟುಡಿಯೋಗಳು. ಕೇಳಿಸಲಿಲ್ಲವೆಂದಲ್ಲ. ಯಾಕೆ ಬಿಟ್ಟರು? ನಾನು ಕಂಡುಕೊಂಡ ಉತ್ತರ ಹೀಗಿತ್ತು: ತಪ್ಪು ಮಾಡಿದವನ ಮೇಲಿನ ಪ್ರೀತಿಗೆ. ಕೊಳಲಿನವನು ಹಳೆಯ ಗೆಳೆಯನಿರಬೇಕು, ಕುರ್ಚಿಯಲ್ಲಿದ್ದವರು ಗುರುಗಳಿರಬೇಕು. ನನ್ನ ಅಕ್ಕನೂ ಬೆವರಿದ ನನ್ನ ಮುಖ ನೋಡಿ, ಪಾಪ ತಮ್ಮ, ಎಂದು ಬಿಟ್ಟುಬಿಟ್ಟಳು. ಈ ಉತ್ತರದ ಮೇಲೆ ನಾನು ಬಹಳ ವರ್ಷ ಆರಾಮಾಗಿ ಒರಗಿಕೊಂಡಿದ್ದೆ.

ನಡುವೆ ಇನ್ನೊಂದು ಮಜಾ ನಡೆಯಿತು. ಗಿರಣಿಯಲ್ಲಿ ಒಬ್ಬ ಮುದುಕರು ನನ್ನ ಹೆಸರು ಕೇಳಿ ಕೈ ಹಿಡಿದುಕೊಂಡು, ಎಂಥ ತಲೆಯಪ್ಪ ನಿನ್ನದು, ಹಗ್ಗವೆಲ್ಲ ಇಳಿದ ಮೇಲೆ ಕೊಡ ನೀರಿಗೆ ಮುಟ್ಟಿದ್ದನ್ನು ಒಂದೇ ಏಟಿನಲ್ಲಿ ತೋರಿಸಿದೆಯಲ್ಲ ಎಂದರು. ನಾನು ಬೆಪ್ಪಾದೆ. ಆಮೇಲೆ ವಿಚಾರಿಸಿದರೆ ಸುಮಾರು ಜನ ಹಾಗೇ ತಿಳಿದಿದ್ದರು. ಮುಂದೊಂದು ದಿನ ಅಗರಖೇಡದಲ್ಲಿ ಅಕ್ಕನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾಗ ಜಾನಪದ ಸಂಗ್ರಹಿಸುವ ಕಾಲೇಜಿನ ಗುರುಗಳೊಬ್ಬರು ಬಂದರು. ಅವರೂ ಪೆನ್ನು ತೆರೆದು ಅದನ್ನೇ ಕೇಳಿದರು, ಆ ನಾದವನ್ನು ತಾವು ಉದ್ದೇಶಪೂರ್ವಕವಾಗಿ ಇಟ್ಟಿರೋ ಎಂದು. ಜೀವನದಲ್ಲಿ ನನಗೆ ಯಾರೂ ತಾವು ಅಂದಿರಲಿಲ್ಲ. "ಹೌದ್ರಿ, ವಿಚಾರ ಮಾಡೇ ಬಾರ್ಸಿದ್ದು" ಎಂದುಬಿಟ್ಟೆ. ಒಳಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದ ಸದ್ದು ಟಕ್ಕನೆ ನಿಂತಿತು. ಗುರುಗಳು ಹೋದರು. ಆಮೇಲೆ ಅಕ್ಕ ಬಾಗಿಲಿಗೆ ಬಂದು, ಹಿಟ್ಟಿನ ಕೈ ಸೊಂಟದ ಮೇಲಿಟ್ಟುಕೊಂಡು ಹೇಳಿದಳು:

"ವಿಚಾರ ಮಾಡಿ ಬಾರ್ಸಿದವರು ಊಟಕ್ಕ ಏಳ್ರಿ."

ಅಲ್ಲಿಂದ ಮುಂದೆ ನಾನು ಹೊಲಿದುಕೊಟ್ಟ ಕುಪ್ಪಸದ ಒಂದು ಹೊಲಿಗೆ ಸೊಟ್ಟಗಾದರೂ ಸಾಕು, ಇದೂ ವಿಚಾರ ಮಾಡೇ ಹೊಲಿದದ್ದೇನು ಎಂದು ಕೇಳುವಳು. ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚುವಾಗ ನರ್ಸಮ್ಮನಿಗೆ ನರ ಸಿಗದೆ ಎರಡು ಸಲ ಚುಚ್ಚಿದಾಗಲೂ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ್ದಳು. ಅದು ಅವಳ ಕೊನೆಯ ಬೇನೆ.

ಆಸ್ಪತ್ರೆಯವರು ಮನೆಗೆ ಕರೆದೊಯ್ಯಿರಿ ಎಂದ ಮೇಲೆ ನಾನು ಅಂಗಡಿ ಮುಚ್ಚಿ ಹದಿನೆಂಟು ದಿನ ಅಗರಖೇಡದಲ್ಲಿ ಇದ್ದೆ. ಅವಳಿಗೆ ಮಾತು ಕಡಿಮೆಯಾಗಿತ್ತು. ಹಳೆಯ ಟೇಪಿನಲ್ಲಿ ಹಗ್ಗದ ಪದ ಹಾಕು ಎಂದು ಕೈಸನ್ನೆ ಮಾಡುವಳು. ಕಣ್ಣು ತೆರೆದುಕೊಂಡೇ ಕೇಳುವಳು. ಧ್ವನಿ ಇಳಿದು ಇಳಿದು ನಿಂತ ಮೇಲೂ ಕಣ್ಣು ತೆರೆದೇ ಇರುತ್ತಿತ್ತು. ಟಿಣ್ ಅಂದ ಮೇಲೆ ಮುಚ್ಚುವಳು. ದಿನಕ್ಕೆ ಎರಡು ಸಲವಾದರೂ ಹೀಗೆ. ಒಂದು ಮಧ್ಯಾಹ್ನ ಹಾಗೆ ಕಣ್ಣು ಮುಚ್ಚಿದವಳು ಮತ್ತೆ ತೆರೆದು, ಸಾಹೇಬರಿಗೆ ಯಾಕೆ ಇರಲಿ ಬಿಡ್ರಿ ಅಂದೆ ಗೊತ್ತೇನು ಎಂದು ಕೇಳಿದಳು.

"ಗೊತ್ತೈತಿ. ನನ್ನ ಮಾರಿ ನೋಡಿ ಬಿಟ್ಟಿ" ಎಂದೆ.

ಅವಳ ಹೊಟ್ಟೆ ಕುಲುಕಾಡಿತು. ನೋವಾಗುತ್ತಿದೆಯೆಂದು ಗಾಬರಿಯಾದೆ. ನಗುತ್ತಿದ್ದಳು.

"ನಿನ್ನ ಮಾರಿ ಯಾರು ನೋಡ್ಯಾರೊ? ಐದರ ಬಸ್ ತಪ್ಪಿದ್ರ ಸಿಂದಗಿ ದಾಟಾಕ ಆಗ್ತಿದ್ದಿಲ್ಲ. ಸುವರ್ಣಾ ಮೂರು ತಿಂಗಳ ಕೂಸು. ಅತ್ತಿ ಕೈಯಾಗ ಬಿಟ್ಟು ಬಂದಿದ್ದೆ. ಎದಿ ತುಂಬಿ ಕಲ್ಲಾಗಿತ್ತು, ಕುಪ್ಪಸ ತೊಯ್ದಿತ್ತು. ಬೆವರು ಅಂತ ತಿಳ್ಕೊಂಡ್ರಿ ನೀವೆಲ್ಲಾ."

ಸುವರ್ಣಾ ಅವಳ ಒಬ್ಬಳೇ ಮಗಳು. ಆಗ ಅಲ್ಲೇ ಅಡಿಗೆಮನೆಯಲ್ಲಿ ಗಂಜಿ ಕಾಸುತ್ತಿದ್ದಳು. ನಾನು ಮೂವತ್ತು ವರ್ಷ ಒರಗಿಕೊಂಡಿದ್ದ ಗೋಡೆ ಹೀಗೆ ಬಿತ್ತು. ಬಿದ್ದ ಮೇಲೆ ನಾನೂ ನಕ್ಕೆ. ಮತ್ತೇನು ಮಾಡಬೇಕಿತ್ತು? ನಾಲ್ಕನೆಯ ಸಲ ಅವಳು ಹಾಗೆ ಯಾಕೆ ಹಾಡಿದಳೆಂಬುದೂ ಆವತ್ತೇ ತಿಳಿಯಿತು. ಅವಳ ಹಗ್ಗ ಅಗರಖೇಡದ ತೊಟ್ಟಿಲಿಗೆ ಇಳಿಯುತ್ತಿತ್ತು. ಬಾಗೇವಾಡಿಗೆ ಬಂದು ಅಳತೆಯ ಪುಸ್ತಕ ತೆಗೆದು ನನ್ನ ದೊಡ್ಡ ದೊಡ್ಡ ಗವಾಯಿಗಳ ಪಟ್ಟಿಯನ್ನು ಇನ್ನೊಮ್ಮೆ ನೋಡಿದೆ. ಅವರಿಗೂ ಆವತ್ತು ಯಾವುದೋ ಐದರ ಬಸ್ಸು ಇದ್ದಿರಬೇಕು.

ನಾನು ಬಾಗೇವಾಡಿಗೆ ಬಂದದ್ದು ಒಂದು ದಿನದ ಕೆಲಸಕ್ಕೆ, ಹೊಲಿದಿಟ್ಟ ಬಟ್ಟೆ ಕೊಟ್ಟು ಮರಳಲಿಕ್ಕೆ. ಆ ದಿನವೇ ಅಕ್ಕ ಹೋದಳು. ಹೇಳಿದೆನಲ್ಲ, ಸರಿಯಾದ ಹೊತ್ತಿಗೆ ಸರಿಯಾದ ಕಡೆ ಇರುವುದು ನನ್ನ ಕೈಲಾಗುವ ಕೆಲಸವಲ್ಲ.

ಸುವರ್ಣಾ ಸಿಂದಗಿಯಲ್ಲಿ ಕನ್ನಡ ಶಾಲೆಯ ಟೀಚರು. ವರ್ಷದ ಪೂಜೆಗೆ ಒಂದು ತಿಂಗಳಿರುವಾಗ ನನ್ನ ಫೋನಿಗೆ ಹಗ್ಗದ ಪದ ಕಳಿಸಿದಳು. ಟೇಪಿನಿಂದ ಮೊಬೈಲಿಗೆ ಇಳಿಸಿ, ಯಾವುದೋ ಆ್ಯಪಿಗೆ ಹಾಕಿ ಸ್ವಚ್ಛ ಮಾಡಿಸಿದ್ದಳು. ಪೂಜೆಯ ದಿನ ದೊಡ್ಡ ಸ್ಪೀಕರಿನಲ್ಲಿ ಹಚ್ಚಬೇಕೆಂದು ಅವಳ ಆಸೆ. ನಾನು ಯಂತ್ರ ನಿಲ್ಲಿಸಿ ಕೇಳಿದೆ. ಏನು ಹೇಳಲಿ, ಅಕ್ಕ ಮಗ್ಗುಲಲ್ಲಿ ಕುಳಿತ ಹಾಗಿತ್ತು. ಟೇಪಿನ ಸರಸರ ಇಲ್ಲ, ಕೌದಿಯ ಉಬ್ಬಸ ಇಲ್ಲ. ಏಳನೆಯ ಗಂಟು ಇಳಿಯಿತು. ನಾನು ಅಭ್ಯಾಸದಂತೆ ಕೆಮ್ಮಲು ಸಿದ್ಧನಾಗಿ ಕಾದೆ. ಕಾದೆ. ಫೋನಿನ ಪರದೆ ಕಪ್ಪಾಯಿತು.

ಟಿಣ್ ಇರಲಿಲ್ಲ. ಸ್ವಚ್ಛ ಮಾಡುವಾಗ ಅದೂ ಕಸದ ಜೊತೆ ಹೋಗಿತ್ತು.

ಮೂವತ್ತು ವರ್ಷ ಯಾವುದನ್ನು ಅಳಿಸಿಹಾಕಬೇಕೆಂದು ಹಲುಬಿದ್ದೆನೋ ಅದು ಅಳಿಸಿಹೋಗಿತ್ತು. ಸಂತೋಷವಾಗಬೇಕಿತ್ತಲ್ಲವೇ? ಫೋನನ್ನು ತಿರುಗಿಸಿ ನೋಡಿದೆ, ಹಿಂದುಗಡೆಯೇನಾದರೂ ಇದೆಯೇ ಎಂಬಂತೆ. ಅಕ್ಕ ಕಣ್ಣು ತೆರೆದುಕೊಂಡೇ ಮಲಗಿದ್ದಾಳೆ, ಯಾರೂ ಅವಳಿಗೆ ಪದ ಮುಗಿಯಿತೆಂದು ಹೇಳುತ್ತಿಲ್ಲ ಎಂದು ಅನ್ನಿಸಿತು. ಆ ಮಧ್ಯಾಹ್ನ ನಾನು ಒಂದು ಪ್ಯಾಂಟಿಗೆ ಎರಡೂ ಎಡಗಾಲು ಹೊಲಿದೆ.

ಸುವರ್ಣಾಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಎರಡು ಮಾತು ಹೇಳಿದಳು. ಒಂದು, ಟೇಪಿನಿಂದ ಇಳಿಸಿಕೊಂಡ ಮೇಲೆ ಕ್ಯಾಸೆಟ್ಟು ಸುತ್ತಿಕೊಂಡು ಹರಿದುಹೋಯಿತು, ಸ್ವಚ್ಛ ಮಾಡಿದ್ದೊಂದೇ ಉಳಿದಿದೆ. ಎರಡು, "ಮಾಮಾ, ನಾ ಇನ್ನೂ ಪೂರ್ತಿ ಕೇಳಿಲ್ರಿ. ಅವ್ವನ ಧ್ವನಿ ಶುರುವಾದ ಕೂಡ್ಲೇ ಬಂದ್ ಮಾಡ್ತೇನಿ. ಚೊಲೋ ಆಗೈತಿ ಹೌದಲ್ರಿ?"

"ಚೊಲೋ ಆಗೈತಿ" ಎಂದೆ.

ಹೇಗೆ ಹೇಳುವುದು? ನಿನ್ನವ್ವನ ಪೂಜೆಯ ದಿನ ನನ್ನ ತಪ್ಪೂ ಕೇಳಿಸಬೇಕು ಎನ್ನಲೇ? ಸತ್ತವಳ ಹಾಡಿನಲ್ಲಿ ತನ್ನ ಪಾಲು ಕೇಳುವ ತಮ್ಮ! ಹೇಳದೆ ಇನ್ನೊಂದು ಕ್ಯಾಸೆಟ್ಟು ಹುಡುಕಲು ಹೊರಟೆ. ನಾಲ್ಕು ತಾಲೂಕಿನಲ್ಲಿ ಹೋಗದ ಮನೆಯಿಲ್ಲ ಎಂದೆನಲ್ಲ, ಈಗ ಇರುವ ಮನೆ ಸಿಗಲಿಲ್ಲ. ಖಾಜಾಸಾಹೇಬರು ತೀರಿಹೋಗಿ ಆ ಕೋಣೆಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಗಿರಣಿಯವರು ಕೊಟ್ಟ ಕ್ಯಾಸೆಟ್ಟಿಗೆ ಬೂಸರು ಹಿಡಿದಿತ್ತು. ಇಂಡಿಯಲ್ಲಿ ಒಬ್ಬರ ಹತ್ತಿರ ಸಿಕ್ಕಿದ್ದರಲ್ಲಿ ಅಕ್ಕ ಮೂರನೆಯ ಗಂಟಿಗೆ ಬಂದಳು, ಅಲ್ಲಿಂದ ಮುಂದೆ ಮಗುವೊಂದು ಮಗ್ಗಿ ಹೇಳುತ್ತದೆ, ಮನೆಯವರು ಪದದ ಮೇಲೆಯೇ ಮಗುವಿನ ಧ್ವನಿ ತುಂಬಿಕೊಂಡುಬಿಟ್ಟಿದ್ದರು. ಮುಳವಾಡದ ಕಡೆ ಒಬ್ಬರು, ಇದೆ ಬರ್ರಿ ಎಂದು ಹೊಲಕ್ಕೇ ಕರೆದುಕೊಂಡು ಹೋದರು. ತೆನೆ ಕಟ್ಟಿದ ಜೋಳಕ್ಕೆ ಹಕ್ಕಿ ಬರದಂತೆ ಆ ಟೇಪನ್ನು ಗೂಟದಿಂದ ಗೂಟಕ್ಕೆ ಎಳೆದುಕಟ್ಟಿದ್ದರು. ಬಿಸಿಲಿಗೆ ಫಳಫಳ ಹೊಳೆಯುತ್ತ ಗಾಳಿಗೆ ಗುಂಯ್ ಅನ್ನುತ್ತಿತ್ತು. ಅದರಲ್ಲಿ ಎಲ್ಲೋ ಒಂದು ಗೇಣಿನೊಳಗೆ ನನ್ನ ಟಿಣ್ ಇರಬೇಕು. ನಾನು ಬದುವಿನ ಮೇಲೆ ನಿಂತು ಕಿವಿಗೊಟ್ಟೆ. ಹೊಲದವರು ಪಾಪ, ಬಿಚ್ಚಿಕೊಡಲೇನು ಎಂದು ಕೇಳಿದರು. ಬೇಡವೆಂದೆ. ಹಕ್ಕಿಗಳಾದರೂ ಅದಕ್ಕೆ ಹೆದರುತ್ತಿದ್ದವು.

ಕೊನೆಗೆ ಒಂದು ನಿರ್ಧಾರ ಮಾಡಿದೆ. ಪೂಜೆಗೆ ತಾಳ ಒಯ್ಯುವುದು. ಹಿಂದುಗಡೆ ಕುಳಿತು, ಪದ ಮುಗಿದ ಮೇಲೆ ನಾನೇ ಬಾರಿಸುವುದು. ಈ ಸಲ ನಿಜವಾಗಿಯೂ ವಿಚಾರ ಮಾಡಿ.

ಹೋದ ಸೋಮವಾರ ಅಕ್ಕನ ಅಂಗಳದಲ್ಲಿ ನೂರು ಜನ ಸೇರಿದ್ದರು. ಪೂಜೆಯಾಯಿತು, ಊಟವಾಯಿತು. ಇನ್ನೂ ಕೆಲವರ ಕೈಯಲ್ಲಿ ಮಜ್ಜಿಗೆಯ ಲೋಟಗಳಿದ್ದವು. ಭೀಮರಾಯ ಕಾಕಾ ಎಂಬತ್ತು ದಾಟಿದವರು, ಕಂಬಕ್ಕೆ ಒರಗಿದ್ದರು. ಸುವರ್ಣಾ ಸ್ಪೀಕರಿನ ಪಕ್ಕ ನಿಂತು ಫೋನು ಒತ್ತಿದಳು. ಅವತ್ತು ಅವಳು ಬಂದ್ ಮಾಡುವ ಹಾಗಿರಲಿಲ್ಲ.

ಅಕ್ಕ ಹಾಡಿದಳು. ಒಂದೊಂದೇ ಗಂಟು ಇಳಿಯಿತು. ಲೋಟಗಳು ಕೆಳಗೆ ಇಳಿದವು. ನಾನು ಐದನೆಯ ಗಂಟಿಗೆ ಮಡಿಲಲ್ಲಿದ್ದ ಕರ್ಚೀಫಿಗೆ ಕೈ ಹಾಕಿದೆ. ಒಂದು ವರ್ಷದ ಹಿಂದೆ ಕಟ್ಟಿದ ಗಂಟು. ಟೇಲರನ ಗಂಟು, ಸುಮ್ಮನೆ ಬಿಚ್ಚುವುದಲ್ಲ. ಆರನೆಯ ಗಂಟಿಗೆ ಉಗುರು ಹಾಕಿದೆ. ಏಳನೆಯದಕ್ಕೆ ಹಲ್ಲು ಹಾಕಿದೆ. ಕಣ್ಣಲ್ಲಿ ನೀರು ಬಂದು ಗಂಟೇ ಕಾಣಿಸದಾಯಿತು. ಧ್ವನಿ ಇಳಿಯಿತು, ಇಳಿಯಿತು, ಬಿಟ್ಟಿತು.

ಅಂಗಳವೆಲ್ಲ ಸ್ತಬ್ಧ. ಸುವರ್ಣಾ ತಟ್ಟನೆ ತಿರುಗಿ ಗುಂಪಿನಲ್ಲಿ ನನ್ನನ್ನು ಹುಡುಕಿದಳು. ಅವಳು ತೊಟ್ಟಿಲಿನಿಂದ ಕೇಳಿಕೊಂಡು ಬಂದ ಪದ, ಕೊನೆಯಲ್ಲಿ ಯಾವುದು ತಪ್ಪಿಹೋಗಿದೆ ಎಂಬುದು ಅವಳಿಗೆ ಆಗ ತಿಳಿದಿತ್ತು. ನಾನು ಕರ್ಚೀಫನ್ನು ಬಾಯಲ್ಲಿ ಕಚ್ಚಿಕೊಂಡು ಅವಳನ್ನು ನೋಡುತ್ತಿದ್ದೆ.

ಟಿಣ್.

ನಾನಲ್ಲ. ಮುಂದೆ ಕುಳಿತಿದ್ದ ಯಾರೋ ಒಬ್ಬ ಅಜ್ಜಿ ಉಂಗುರದ ಬೆರಳಿನಿಂದ ಲೋಟಕ್ಕೆ ಹೊಡೆದಿದ್ದಳು. ಅದರ ಹಿಂದೆಯೇ ಎಡಗಡೆಯಿಂದ ಇನ್ನೊಂದು. ಬಾಗಿಲ ಹತ್ತಿರದಿಂದ ಒಂದು, ಬಳೆಯಿಂದ ತಂಬಿಗೆಗೆ. ಕಂಬದ ಹತ್ತಿರದಿಂದ ಭೀಮರಾಯ ಕಾಕಾ, ಕೈಯಲ್ಲಿ ಏನೂ ಇಲ್ಲದ್ದರಿಂದ, ಹಲ್ಲಿಲ್ಲದ ಬಾಯಿಂದಲೇ ಟಿಣ್ ಎಂದರು. ಹತ್ತೋ ಹನ್ನೆರಡೋ ಆಗಿರಬೇಕು, ಒಂದೂ ಇನ್ನೊಂದರ ಜೊತೆ ಕೂಡಲಿಲ್ಲ. ಯಾರೂ ಯಾರಿಗೂ ಹೇಳಿರಲಿಲ್ಲ. ಟಿಣ್ ಇಲ್ಲದೆ ಆ ಹಾಡನ್ನು ಮುಗಿಯಲು ಬಿಡಲಾಗಲಿಲ್ಲ ಅವರಿಗೆ, ಅಷ್ಟೇ.

"ಯಾರ್ರಿ ಅದು?" ಎಂದಳು ಸುವರ್ಣಾ.

"ಕೊಡ ನೀರಿಗೆ ಮುಟ್ಟಬ್ಯಾಡೇನವ್ವಾ?" ಎಂದರು ಭೀಮರಾಯ ಕಾಕಾ. ಆಮೇಲೆ ಅವರ ಕಣ್ಣು ನನ್ನ ಮೇಲೆ, ನನ್ನ ಬಾಯಲ್ಲಿದ್ದ ಕರ್ಚೀಫಿನ ಮೇಲೆ ಬಿತ್ತು. "ನೋಡ್ರಿ ಇವನ್ನ. ಬ್ಯಾಡಂದ್ರ ಬಾರಸ್ತಾನ, ಬೇಕಂದ್ರ ತಿನ್ನಾಕತ್ಯಾನ."

ಅಂಗಳವೆಲ್ಲ ನಕ್ಕಿತು. ವರ್ಷದ ಪೂಜೆಯಲ್ಲಿ ಅಷ್ಟು ನಗಬಾರದೇನೋ. ಸುವರ್ಣಾ ನಗುತ್ತ ಶುರುಮಾಡಿ ಅಳುತ್ತ ನನ್ನ ಪಕ್ಕ ಬಂದು ಕುಳಿತಳು. ಒಂದು ವರ್ಷದಿಂದ ಅವಳು ಸರಿಯಾಗಿ ಅತ್ತಿರಲಿಲ್ಲವಂತೆ. ಅವಳಿಗೆ ಆಗ ಐದರ ಬಸ್ಸಿನ ಸಂಗತಿ ಹೇಳಿದೆ, ತೊಯ್ದ ಕುಪ್ಪಸದ್ದೂ. ಅವಳು ನನ್ನ ಮಡಿಲಿನ ಗಂಟನ್ನು ನೋಡಿದಳು. ಆಮೇಲೆ ತಾನೇ ತೆಗೆದುಕೊಂಡು, ಚೂಪು ಉಗುರಿನಿಂದ ಎರಡು ನಿಮಿಷದಲ್ಲಿ ಬಿಚ್ಚಿ, ತಾಳಗಳನ್ನು ನನ್ನ ಕೈಗೆ ಕೊಟ್ಟು, ಕರ್ಚೀಫನ್ನು ತನ್ನ ಹತ್ತಿರವೇ ಇಟ್ಟುಕೊಂಡಳು.

ತಾಳಗಳನ್ನು ಹಾಗೇ ತಂದೆ. ಬರುವ ಸೋಮವಾರದಿಂದ ಅಗರಖೇಡದಲ್ಲಿ ಮತ್ತೆ ಭಜನೆ ಕೂಡುತ್ತದಂತೆ, ಹಾಡಲು ಸುವರ್ಣಾ ಬರುತ್ತಾಳಂತೆ. ಅವಳ ಧ್ವನಿ ಹೇಗಿದೆಯೋ ಯಾರಿಗೂ ಗೊತ್ತಿಲ್ಲ, ಅವಳಿಗೂ. ತಾಳಕ್ಕೆ ಯಾರೂ ಸಿಗುತ್ತಿಲ್ಲವೆಂದು ಫೋನು ಮಾಡಿದ್ದಳು.

ಬಿಸಿಲು ಮೆಟ್ಟಿಲಿಗೆ ಬಂದಿದೆ. ನಾಲ್ಕು ಸಲ ತೊಳೆದ ಮೇಲೆ ಹಸಿರೆಲ್ಲ ಹೋಗಿ ಒಳಗಿನ ಕಂಚು ಕಾಣುತ್ತಿದೆ. ಅಂಚಿನಲ್ಲಿ ಒಂದು ಸಣ್ಣ ಕಲೆ ಉಳಿದಿದೆ, ಎಷ್ಟು ತಿಕ್ಕಿದರೂ ಹೋಗಲಿಲ್ಲ. ಸಾಕು. ಧೋತರದ ಚುಂಗಿನಿಂದ ಒರೆಸಿದೆ. ಕೆಳಗಿಡಬೇಕೆಂದು ಕೈ ಇಳಿಸಿದವನು ಅರ್ಧದಲ್ಲಿ ನಿಂತೆ. ಕರ್ಚೀಫು ಇರಲಿಲ್ಲ. ಎರಡನ್ನೂ ಕೂಡಿಸಿ ಕಣ್ಣಿಗೆ ಒತ್ತಿಕೊಂಡೆ. ತಣ್ಣಗಿತ್ತು, ಹುಣಸೆಯ ವಾಸನೆಯಿತ್ತು.

ಟಿಣ್ ಎಂದಿತು.

ರಾಚಪ್ಪ ಚಹಾದ ಕಿಟ್ಲಿ ಹಿಡಿದುಕೊಂಡೇ ಹೊರಗೆ ಬಂದು ನನ್ನನ್ನು ನೋಡಿದ.

"ಮುಗೀತ್ರಿ?" ಎಂದ.

"ಇಲ್ಲೋ, ಶುರು ಮಾಡಬೇಕು" ಎಂದೆ.